ಅತ್ತಿಗೆಯ ಬಲ್ಬಿನ ಹಲಗೆ

೨೧ ಅಕ್ಟೋಬರ್ ೧೯೫೬, ಭಾನುವಾರ. ಗಾವಡಗೆರೆ.

ಬಲ್ಬು ಹತ್ತಿತು!

ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟ ಹಲಗೆಯನ್ನು ನಾನೇ ಮಾಡಿ ಮುಗಿಸಿದೆ. ಎಡಗಡೆ ಚಿತ್ರಗಳು, ಬಲಗಡೆ ಅಕ್ಷರಗಳು, ಒಂದೊಂದಕ್ಕೂ ಒಂದು ಮೊಳೆ; ಹಲಗೆಯ ಹಿಂದೆ ಪ್ರತಿ ಚಿತ್ರದ ಮೊಳೆಯಿಂದ ಅದರ ಅಕ್ಷರದ ಮೊಳೆಗೆ ತಂತಿ ಕಟ್ಟಿದ್ದೇನೆ. ಸೆಲ್ಲು, ಬಲ್ಬುಗಳಿಂದ ಬರುವ ಎರಡು ತಂತಿಗಳಲ್ಲಿ ಒಂದನ್ನು ಚಿತ್ರದ ಮೊಳೆಗೂ ಇನ್ನೊಂದನ್ನು ಅದರ ಅಕ್ಷರದ ಮೊಳೆಗೂ ಮುಟ್ಟಿಸಿದರೆ ಬಲ್ಬು ಹತ್ತುತ್ತದೆ. ಸೆಲ್ಲು ಅಣ್ಣನ ಟಾರ್ಚಿನದು. ಬೈದರೆ ಬೈಯಲಿ.

ಮಾಡಿದ್ದು ನೀಲಾಂಬಿಕೆ ಅತ್ತಿಗೆಗಾಗಿ. ವಯಸ್ಕರ ಶಾಲೆಯಲ್ಲಿ ಎಲ್ಲರೂ ನಕ್ಕರೆಂದು ಎರಡೇ ದಿನಕ್ಕೆ ಬಿಟ್ಟು ಬಂದವರು, ಆಮೇಲೆ ಸ್ಲೇಟನ್ನೇ ಮುಟ್ಟಿರಲಿಲ್ಲ.

ಸಂಜೆ ಒಲೆಯ ಮುಂದೆ ಹಲಗೆ ಇಟ್ಟೆ. ಮೂರು ಸಲ ತಪ್ಪಾಯಿತು. ನಾಲ್ಕನೆಯ ಸಲ ಆನೆಗೂ 'ಆ'ಗೂ ತಂತಿ ಮುಟ್ಟಿಸಿದರು. ಬೆಳಕು!

"ತಪ್ಪು ಮಾಡುದ್ರೂ ಇದು ನಗಾಕಿಲ್ಲ ಕಣೇ," ಎಂದರು ಅತ್ತಿಗೆ.

ಮುಂದಿನ ಅಕ್ಷರ ತೋರಿಸಲು ನಾನು ಕೈ ಚಾಚಿದೆ.

"ನೀನು ಆಚೆ ಓಗು. ತಪ್ಪೋ ಸರೀನೋ, ನಾನೊಬ್ಳೇ ಮಾಡ್ತೀನಿ ಬುಡು."

ಜಗಲಿಯಲ್ಲಿ ಕೂತೆ. ಬಹಳ ಹೊತ್ತಾದ ಮೇಲೆ ಒಳಗಿನಿಂದ ಕೂಗು: "ಇಲಿ ಸಿಕ್ತು ಕಣೇ! ಉಂಗ್ರಾನೂ ಸಿಕ್ತು!"

ನಾಳೆಯೇ ಇನ್ನೊಂದು ಹಲಗೆ ಮಾಡಬೇಕು, ಉಳಿದ ಅಕ್ಷರಗಳಿಗೆ. ಕಣ್ಣು ಎಳೆಯುತ್ತಿದೆ. 'ಳ'ಗೆ ಯಾವ ಚಿತ್ರ ಬರೆಯಲಿ? ಳ...