ಒಂದೇ ದೀಪದ ಕಾರು

ಭೀಮು,

ನಿನ್ನೆ ಸಂಜಿಗೆ ನಿನ್ನ ಕಾರಿಗೆ ಸಿಕ್ಕ ಕುರಿಮರಿ ಕಾಲು ಬಾತದ. ಆಟೋದಾಗ ಶಹಾಪುರ ದನದ ದವಾಖಾನಿಗೆ ಒಯ್ಯಾಕತ್ತೇನಿ. ನಿನ್ನ ಹಳೇ ಸ್ಪೋರ್ಟ್ಸ್ ಕಾರಿನಾಗ ಅದನ್ನ ಕೂಡ್ರಸಾಕ ನನಗ ಮನಸ್ಸಿಲ್ಲ.

ಹೆಡ್‌ಲೈಟಿನ ಹೊಸ ಬಲ್ಬ್ ಫ್ರಿಜ್ ಮ್ಯಾಲ ಅವ. ಇವತ್ತೇ ಹಾಕು. ಬಲಗಡಿದು ಇನ್ನೂ ಹತ್ತತದ ಅಂತ ಬಿಡಬ್ಯಾಡ, ಎರಡೂ ಬದಲಿ ಮಾಡು.

ಮೊದಲ ಬ್ಯಾಟರಿ ವೈರ್ ಬಿಚ್ಚು. ಎಡಗಡಿ ಲೈಟಿನ ಹಿಂದ ಬ್ಯಾಟರಿ ಅಡ್ಡ ಬಂದು ಕೈ ಹೋಗೂದಿಲ್ಲ, ಅದನ್ನೇ ಹೊರಗ ತೆಗಿ. ಲೈಟಿನ ಹಿಂದಿನ ರಬ್ಬರ್ ಮುಚ್ಚಳ ಜಗ್ಗಿ ಹರಿಬ್ಯಾಡ, ಅಂಥಾದ್ದು ಈಗ ಎಲ್ಲೂ ಸಿಗೂದಿಲ್ಲ.

ಕೈ ಸಾಬೂನು ಹಚ್ಚಿ ತೊಳಕೊ. ಬಲ್ಬಿನ ಗಾಜು ಮುಟ್ಟಬ್ಯಾಡ, ಬುಡ ಹಿಡಿ. ಹೋದ ಸಲ ಕುರಿ ಉಣ್ಣೆ ಕತ್ತರಿಸಿದ ಕೈಲೇ ಗಾಜು ಹಿಡದಿದ್ದಿ. ಆ ಜಿಡ್ಡಿಗೇ ಎಡಗಡಿದು ಸುಟ್ಟು ಹೋಗ್ಯದ.

ನಿನ್ನೆ ಅಪ್ಪಗ "ಹಾದಿ ಯಾಕ ಬಿಡಲಿಲ್ಲ" ಅಂತ ಒದರಿದಿ. ವನದುರ್ಗ ರಸ್ತಾದಾಗ ಒಂದೇ ದೀಪ ಬರೂದು ಕಂಡು ಅಂವಾ ಬೈಕ್ ಅಂತ ತಿಳದ. ಬೈಕಿಗೆ ಸಾಲೂವಷ್ಟು ಹಾದಿ ಬಿಟ್ಟೇ ಕುರಿ ನಿಲ್ಲಿಸಿದ್ದ. ರಾತ್ರಿ ಅಂವಾ ಉಣ್ಣಲಿಲ್ಲ, ನೀ ನೋಡಲಿಲ್ಲ.

ರೊಟ್ಟಿ, ಪುಂಡಿಪಲ್ಯ ಬುಟ್ಟ್ಯಾಗ ಅದ. ನೀನೂ ಸಿಟ್ಟಿಲೆ ಉಪಾಸ ಇರಬ್ಯಾಡ.

ಬಲ್ಬ್ ಹಾಕಿದ ಮ್ಯಾಲ ಕಾರು ಕುರಿದೊಡ್ಡಿ ಗ್ವಾಡಿಗೆ ಮುಖ ಮಾಡಿ ನಿಲ್ಲಿಸು. ಅಪ್ಪ ಕುರಿ ಹೊಡಕೊಂಡು ಬರೂ ಹೊತ್ತಿಗೆ ಎರಡೂ ಹಚ್ಚು. ಗ್ವಾಡಿ ಮ್ಯಾಲ ಎರಡು ಬೆಳಕು ಅಂವಾ ನೋಡ್ಲಿ. ಹಾರ್ನ್ ಹೊಡಿಬ್ಯಾಡ. ಕೆಳಗಿಳಿದು ಬಾಜೂಕ ನಿಂದ್ರು, ಕುರಿ ಎಲ್ಲಾ ಮೊದಲ ಒಳಗ ಹೋಗ್ಲಿ.

ಸುಕನ್ಯಕ್ಕ