ನಿನ್ನ ಜೇಬಿನಲ್ಲಿರುವ ನನ್ನ ಓಟು

ನಾಂತ್, ಭಾನುವಾರ ಬೆಳಗಿನ ಜಾವ

ಪ್ರೀತಿಯ ತಮ್ಮ ಗುಲ್ವೆನ್,

ಮೂರು ಗಂಟೆಗೆ ಪರಪರ ಕಾಗದ ಹರಿಯುವ ಸದ್ದಿಗೆ ಎಚ್ಚರವಾಯಿತು. ಎದುರಿನ ಶಾಲೆಯ ಗೋಡೆಯ ಹತ್ತಿರ ಯಾರೋ ಹುಡುಗರು ಒಬ್ಬ ಅಭ್ಯರ್ಥಿಯ ಮುಖ ಕಿತ್ತು ಇನ್ನೊಬ್ಬನದನ್ನು ಅಂಟಿಸುತ್ತಿದ್ದರು. ಒಬ್ಬ ನಮ್ಮ ಕಿಟಕಿಯತ್ತ ತಿರುಗಿ, “ನಾಳೆಯಿಂದ ಗಂಟುಮೂಟೆ ಕಟ್ರೋ!” ಎಂದು ಕೂಗಿದ. ಮಗುವನ್ನು ಅವಚಿಕೊಂಡು ನೆಲದ ಮೇಲೆ ಕೂತುಬಿಟ್ಟೆ. ನಿನ್ನ ಭಾವ ಸಂಬಾ ಆಗಲೇ ಬೇಕರಿ ಕೆಲಸಕ್ಕೆ ಹೋಗಿದ್ದ. ಅದೇ ಬೀದಿಯಲ್ಲಿ ನಡೆದೇ ವಾಪಸು ಬರಬೇಕು ಅವನು.

ನನ್ನ ಹೆಸರು ಇನ್ನೂ ನಮ್ಮೂರಿನ ಮತದಾರರ ಪಟ್ಟಿಯಲ್ಲೇ ಇದೆ. ಕೈಗೂಸಿನೊಂದಿಗೆ ಅಷ್ಟು ದೂರ ಬರಲಾರದೆ, ಇವತ್ತಿನ ದೇಶದ ಅಧ್ಯಕ್ಷರ ಚುನಾವಣೆಯಲ್ಲಿ ನನ್ನ ಬದಲು ನೀನು ಮತ ಹಾಕಲೆಂದು ಪೊಲೀಸ್ ಠಾಣೆಯಲ್ಲಿ ಅಧಿಕಾರಪತ್ರ ಬರೆದುಕೊಟ್ಟೆ. “ನಿನ್ನ ಓಟು ನನ್ನ ಜೇಬಲ್ಲಿ ಭದ್ರ ಬಿಡಕ್ಕಾ, ಬಾಡಿಗೆ ಅಂತ ಒಂದು ಬೆಣ್ಣೆ ಕೇಕು ಕಳ್ಸು” ಅಂದೆ ನೀನು. ಯಾರಿಗೆಂದು ನಾನು ಹೇಳಲಿಲ್ಲ, ನೀನು ಕೇಳಲಿಲ್ಲ. ಎಲ್ಲರೂ ಒಂದೇ ಕಡೆ ಹಾಕುವ ನಮ್ಮ ಮನೆಯಲ್ಲಿ ಅದನ್ನು ಕೇಳಬೇಕಾಗಿ ಬಂದದ್ದೇ ಇಲ್ಲ.

ಗಂಟುಮೂಟೆ ಕಟ್ಟಿ ಅನ್ನುವವರ ಸಭೆಯ ಚಿತ್ರವೊಂದು ನಿನ್ನೆ ಸಂಜೆ ಕಣ್ಣಿಗೆ ಬಿತ್ತು. ಮುಂದಿನ ಸಾಲಿನಲ್ಲಿ ಬಾವುಟ ಹಿಡಿದು ನೀನು.

ಅಂಚೆಯಲ್ಲಿ ಬಂದ ಎರಡೂ ಪ್ರಣಾಳಿಕೆಗಳನ್ನು ಓದಿದೆ. ಇಲ್ಲಿಯವರನ್ನು ಮದುವೆಯಾದ ಹೊರದೇಶದವರ ವಾಸದ ಪರವಾನಗಿ ರದ್ದುಮಾಡಿ ವಾಪಸು ಕಳಿಸುತ್ತೇನೆ ಅನ್ನುತ್ತಾನೆ ನಿನ್ನವನು. ನಾನು ಮೆಚ್ಚಿದವನದೂ ಹಿತವಾಗಲಿಲ್ಲ. ನಮ್ಮೂರಿನಂಥ ಮೀನುಗಾರರ ಊರುಗಳನ್ನು ‘ದೇಶಕ್ಕಂಟಿದ ಕೊಳೆ’ ಎಂದಿದ್ದಾನೆ. ಓದುವಾಗ ಅಪ್ಪನ ದೋಣಿ ನೆನಪಾಯಿತು. ಆದರೆ ಇವನು ನಿನ್ನನ್ನು ಬೈಯುತ್ತಾನೆ, ಅವನು ನನ್ನ ಗಂಡನನ್ನು ಒಯ್ಯುತ್ತಾನೆ.

ರಾತ್ರಿ ನಾನು ಫೋನ್ ಮಾಡಿದ್ದಕ್ಕೆ ನೀನು, “ಭಾವ ನಮ್ಮೋನು ಕಣಕ್ಕಾ, ಅವ್ರು ಹೇಳ್ತಿರೋದು ಬೇರೆಯೋರಿಗೆ” ಎಂದೆ. “ಅದು ನನ್ನ ಓಟು” ಎಂದೆ ನಾನು. “ಓಟು ನಿಂದಾದ್ರೂ ಕೈ ನಂದಲ್ವಾ?” ಎಂದು ನೀನು ನಕ್ಕು ಫೋನ್ ಇಟ್ಟುಬಿಟ್ಟೆ. ಸಂಬಾನಿಗೆ ಹೇಳಿದರೆ ಅವನೂ ನಕ್ಕ. “ಸೆನೆಗಲ್ ವಿಮಾನ ಹತ್ಸೋಕೆ ಪೊಲೀಸ್ರು ಬಂದಾಗ ಭಾವಮೈದನ್ನೇ ಕರೆಸು, ‘ಇವ್ನು ನಮ್ಮೋನು’ ಅಂತ ಹೇಳ್ತಾನೆ.” ಆಮೇಲೆ ತಟ್ಟೆ ಮುಟ್ಟಲಿಲ್ಲ.

ನಾನೇ ಬಂದು ಹಾಕೋಣವೆಂದರೆ, ಮೊದಲ ರೈಲು ಹಿಡಿದರೂ ತಲುಪುವಾಗ ಮಧ್ಯಾಹ್ನ. ನೀನೋ ಎಂಟಕ್ಕೇ ಸಾಲಿನಲ್ಲಿರುವವನು. ಎರಡನೆಯ ಸಲ ಪರದೆಯ ಹಿಂದೆ ಹೋಗುವಾಗ ನೀನು ನಾನಾಗಿರುತ್ತೀಯ. ಲಕೋಟೆ ಪೆಟ್ಟಿಗೆಗೆ ಬಿದ್ದೊಡನೆ ನಮ್ಮೂರ ಜನರೆದುರು ನನ್ನ ಹೆಸರು ಕೂಗಿ, “ಮತ ಹಾಕಿದರು” ಅನ್ನುತ್ತಾರೆ. ಒಳಗೆ ಯಾವ ಚೀಟಿಯಿದೆಯೆಂದು ಗೊತ್ತಿರುವುದು ನಿನಗೊಬ್ಬನಿಗೇ.

ನಿನ್ನ ಓಟು ನಿನ್ನಿಷ್ಟ. ನನ್ನದನ್ನು ನನ್ನ ಮನೆಯ ಮೇಲೇ ಎಸೆಯಬೇಡ. ಮನಸ್ಸು ಬಾರದಿದ್ದರೆ ಹಾಕಲೇಬೇಡ. ಅಷ್ಟನ್ನಾದರೂ ನಿನ್ನ ಬಾಯಿಂದ ಕೇಳಬೇಕು. ನೀನು ಫೋನ್ ಇಟ್ಟಾಗಿನಿಂದ ಕರೆ ಮಾಡುತ್ತಲೇ ಇದ್ದೇನೆ, ನೀನು ಎತ್ತುತ್ತಿಲ್ಲ. ಅದಕ್ಕೇ ಇದನ್ನು ನಿನ್ನ ಫೋನಿಗೆ ಕಳಿಸುತ್ತಿದ್ದೇನೆ.

ಸಮುದ್ರ ನಿನ್ನನ್ನು ಕಾಯಲಿ ಎಂದು ಅಮ್ಮ ಹರಸುತ್ತಿದ್ದಳಲ್ಲ, ನಾನೂ ಹಾಗೇ ಹರಸುತ್ತೇನೆ. ಬೈಯುವುದಿದ್ದರೂ ಬೈಯಿ, ಬೆಳಗಾಗುವ ಮೊದಲು ಒಂದು ಫೋನ್ ಮಾಡೋ, ನನ್ನಪ್ಪಾ.

ಕಾಯುತ್ತಿರುವ ನಿನ್ನ ಅಕ್ಕ,
ಮಾಯ್ವೆನ್