ಮಂಗಳವಾರದ ಆಕಾಶ

ಮನೆಯಿಂದ,
ಶನಿವಾರ, ತಾರೀಕು ಹದಿನಾರು, ಬೆಳಗ್ಗೆ ಒಂಬತ್ತು ಗಂಟೆ

ಪ್ರೀತಿಯ ಗುಂಡೂ,

ಹೇಗಿದ್ದೀಯ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಿದ್ದೀಯ ತಾನೆ? ಕಂಪ್ಯೂಟರ್ ಮುಂದೆ ಕೂತರೆ ನಿನಗೆ ಹಸಿವು, ಬಾಯಾರಿಕೆ ಎರಡೂ ನೆನಪಿರುವುದಿಲ್ಲ. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಕೆಮ್ಮು ಹದ್ದುಬಸ್ತಿನಲ್ಲಿದೆ, ಅದಕ್ಕಿಂತ ಹೆಚ್ಚಾಗಿ ನಿಮ್ಮಮ್ಮ ನನ್ನನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದಾಳೆ. ಹೊಗೆಯಿರುವ ದಿನ ಏಣಿ ಹತ್ತಕೂಡದು ಅಂತ ಡಾಕ್ಟರ್ ಹೇಳಿದ್ದೇ ತಡ, ಅವಳು ಏಣಿಯನ್ನು ಹಿತ್ತಲ ಕೋಣೆಗೆ ಹಾಕಿ ಬೀಗ ಜಡಿದಳು. ಈಗಲೂ ಪಕ್ಕದಲ್ಲಿ ಕೂತು ಬೀನ್ಸಿನ ನಾರು ತೆಗೆಯುತ್ತಾ, ನಾನು ಬರೆಯುವ ಒಂದೊಂದು ಸಾಲನ್ನೂ ಓರೆಗಣ್ಣಲ್ಲಿ ಓದುತ್ತಿದ್ದಾಳೆ.

ನಿನ್ನ ಕಾಗದ ಗುರುವಾರ ಬಂತು. ಓದಿದ ಮೇಲೆ ನನಗೆ ಅನ್ನ ಸೇರಲಿಲ್ಲ. ಕಾಡಿನ ಬೆಂಕಿಯ ಹೊಗೆ ಖಂಡದ ಆ ತುದಿಯಿಂದ ಈ ತುದಿಗೆ ಹೇಗೆ ಸಾಗುತ್ತದೆ ಅಂತ ಉಪಗ್ರಹದ ಚಿತ್ರ ನೋಡಿ ಗೆರೆ ಎಳೆಯುವ ಕೆಲಸವನ್ನು ಏಳು ವರ್ಷದಿಂದ ಮಾಡುತ್ತಿರುವವಳು ನೀನು. ಈಗ ಹೋದ ವಾರದ ಒಂದೇ ಒಂದು ಮಂಗಳವಾರಕ್ಕೆ, ‘ನನ್ನ ಕಣ್ಣಿನ ಮೇಲೆ ನನಗೇ ನಂಬಿಕೆ ಹೋಗಿದೆ ಅಪ್ಪಾ’ ಅಂತ ಬರೆದಿದ್ದೀಯ. ಅವತ್ತು ನಮ್ಮೂರನ್ನು ಮೊದಲು ಗೆರೆಯೊಳಗೆ ಸೇರಿಸಿ, ಆಮೇಲೆ ಅಳಿಸಿದೆಯಂತೆ. ಎಚ್ಚರಿಕೆ ಬರಲಿಲ್ಲ. ಇಲ್ಲಿನ ಶಾಲೆಯವರು ಮಕ್ಕಳನ್ನು ಮೈದಾನಕ್ಕೆ ಬಿಟ್ಟರು, ಸಂಜೆ ಮುಕ್ಕಾಲು ಪಾಲು ಮಕ್ಕಳು ಕೆಮ್ಮುತ್ತಾ ಮನೆಗೆ ಹೋದರು. ಕಚೇರಿಯವರು ನಿನ್ನಿಂದ ವಿವರಣೆ ಕೇಳಿದ್ದಾರೆ. ನೀನು ನೋಡಿದರೆ ಹೊಗೆಯ ಕೆಲಸವೇ ಬೇಡ, ಹಳೇ ಕಡತಗಳ ಕೋಣೆಗೆ ಹಾಕಿ ಅಂತ ಅರ್ಜಿ ಬರೆದಿಟ್ಟುಕೊಂಡು ಬುಧವಾರ ಕೊಡಲು ಹೊರಟಿದ್ದೀಯ. ಈ ಕಾಗದ ಅದಕ್ಕೆ ಮೊದಲು ನಿನ್ನ ಕೈ ಸೇರಬೇಕು.

ನಿನ್ನ ಕೆಲಸ ಸುಲಭದ್ದಲ್ಲ ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನೀನು ಹೇಳಿಕೊಟ್ಟ ಹಾಗೆ ದಿನಾ ಬೆಳಗ್ಗೆ ಫೋನಿನಲ್ಲಿ ಆ ಚಿತ್ರಗಳನ್ನು ನೋಡುತ್ತೇನೆ. ಮೋಡಕ್ಕೆ ಅಂಚಿದೆ, ಹೊಗೆಗಿಲ್ಲ. ಬಿಸಿಲು ಓರೆಯಾಗಿರುವಾಗ ಹೊಗೆ ಎದ್ದು ಕಾಣುತ್ತದೆ, ನಡುಮಧ್ಯಾಹ್ನ ಎಲ್ಲೋ ಅಡಗಿಕೊಳ್ಳುತ್ತದೆ. ಇಷ್ಟು ಕಲಿತ ಹೆಮ್ಮೆಯಲ್ಲಿ ಹೋದ ವಾರ, ‘ಅಯ್ಯೋ, ಬೆಟ್ಟಸಾಲು ದಾಟಿಬಿಡ್ತು ಕಣೇ!’ ಅಂತ ಕೂಗಿಕೊಂಡೆ. ನಿಮ್ಮಮ್ಮ ಬಂದು, ನನ್ನ ಕನ್ನಡಕ ಕಿತ್ತುಕೊಂಡು ಒರೆಸಿ, ಮತ್ತೆ ಮೂಗಿಗೆ ಏರಿಸಿದಳು. ‘ಈಗ ನೋಡಿ, ವಾಪಸ್ ಹೋಯ್ತಾ?’ ಅಂದಳು. ಹೋಗಿತ್ತು!

ಆದರೆ ಉಪಗ್ರಹಕ್ಕೂ ಒಂದು ಕೊರತೆ ಇದೆಯಲ್ಲ. ಅದು ಮೇಲಿನಿಂದ ನೋಡುತ್ತದೆ. ಹೊಗೆ ಎತ್ತರದಲ್ಲೇ ಹಾದುಹೋಗುತ್ತಿದೆಯೋ, ನಮ್ಮ ಮೂಗಿನವರೆಗೆ ಇಳಿದಿದೆಯೋ ಅದಕ್ಕೆ ಸರಿಯಾಗಿ ತಿಳಿಯುವುದಿಲ್ಲ. ಅದಕ್ಕೇ ನೀನು ಊರೂರಿನಲ್ಲಿ ಒಬ್ಬೊಬ್ಬರಿಗೆ ಫೋನ್ ಮಾಡಿ ಕೇಳುತ್ತೀಯ, ನಮ್ಮೂರಿಗೆ ನಾನು. ನಲವತ್ತು ವರ್ಷ ಗೋಡೆಗೆ ಬಣ್ಣ ಹೊಡೆದವನು ಬರೀ ‘ಮಬ್ಬಾಗಿದೆ’ ಅಂದರೆ ಕಸುಬಿಗೇ ಅವಮಾನ. ‘ಒಂದು ಡಬ್ಬಿ ಬಿಳಿಗೆ ಅರ್ಧ ಚಮಚ ಕಂದು’ ಅಂತ ನಾನಂದರೆ ನಿನ್ನ ಜೊತೆಯವರೆಲ್ಲ ನಕ್ಕು ಅದನ್ನೇ ಬರೆದುಕೊಳ್ಳುತ್ತಿದ್ದರಂತೆ. ನನಗೆ ‘ಬಣ್ಣದ ತಾತ’ ಅಂತ ಹೆಸರಿಟ್ಟಿದ್ದಾರೆ ಅಂದೆಯಲ್ಲ, ಅದನ್ನು ಬೀದಿಯವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ಮೊಮ್ಮಕ್ಕಳಿಲ್ಲದೇ ತಾತನಾದೆ ಅಂತ ನಿಮ್ಮಮ್ಮ ಆಡಿಕೊಳ್ಳುತ್ತಾಳೆ.

ಅರ್ಜಿ ಹರಿದು ಹಾಕು ಮಗಳೇ. ಚಿಕ್ಕವಳಿದ್ದಾಗ, ನಾನು ಎರಡನೇ ಸಲ ಬಣ್ಣ ಹೊಡೆಯದೆ ಬಿಟ್ಟ ಮೂಲೆಯನ್ನು ಬಾಗಿಲಲ್ಲೇ ನಿಂತು ತೋರಿಸುತ್ತಿದ್ದವಳು ನೀನು. ಅಂಥ ಕಣ್ಣನ್ನು ಕಡತದ ಧೂಳಿಗೆ ಕೊಡುತ್ತೀಯಾ? ನನಗೆ ಸಂಕಟವಾಗುತ್ತದೆ.

ನಿಮ್ಮಮ್ಮ ಕೇಳುತ್ತಿದ್ದಾಳೆ, ರಜೆ ಯಾವಾಗ? ನಿನ್ನ ಕೋಣೆಯ ಕಿಟಕಿಗೆ ಹೊಸ ಪರದೆ ಹೊಲಿದಿದ್ದಾಳೆ. ಆರೋಗ್ಯ ನೋಡಿಕೋ. ಧೈರ್ಯವಾಗಿರು. ನಮ್ಮಿಬ್ಬರ ಆಶೀರ್ವಾದ ಸದಾ ನಿನ್ನ ಮೇಲಿದೆ.

ಇಂತಿ ನಿನ್ನ,
ಅಪ್ಪ

ಮರೆತ ಮಾತು: ಮರೆತದ್ದಲ್ಲ, ನಿಮ್ಮಮ್ಮನ ಎದುರು ಬರೆಯಲಾಗಲಿಲ್ಲ. ಅಂಚೆ ಕಚೇರಿಯ ಕೌಂಟರಿನಲ್ಲಿ ನಿಂತು ಗೀಚುತ್ತಿದ್ದೇನೆ, ಹಿಂದೆ ಸಾಲಿದೆ. ಮಂಗಳವಾರ ನೀನು ಫೋನ್ ಮಾಡಿದಾಗ ನಾನು ಶಾಲೆಯ ಏಣಿಯ ಮೇಲಿದ್ದೆ. ಅವರ ಗೋಡೆಗೆ ಬಣ್ಣ ಹೊಡೆಯುತ್ತಿದ್ದೆ, ಇನ್ನೊಂದು ಮೊಳ ಉಳಿದಿತ್ತು. ಹೊಗೆ ಅಂದರೆ ಇಳಿ ಅನ್ನುತ್ತೀಯ ಅಂತ ‘ತಿಳಿನೀಲಿ ಕಣಮ್ಮಾ, ಕನ್ನಡಿ ಹಾಗಿದೆ’ ಅಂದುಬಿಟ್ಟೆ. ಮಕ್ಕಳು ಕೆಮ್ಮಿದ್ದು ನನ್ನಿಂದ. ಶಾಲೆಯ ಹೆಡ್ ಮೇಡಮ್ಮಿಗೆ ನಿನ್ನೆ ಹೋಗಿ ಹೇಳಿದೆ, ಚೆನ್ನಾಗಿ ಬೈಸಿಕೊಂಡೆ. ನಿನಗೆ ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ಊಟ ಆಯ್ತಾ ಅಂತ ಕೇಳಿ ಇಟ್ಟುಬಿಟ್ಟೆ. ಕಚೇರಿಗೆ ನನ್ನ ಹೆಸರು ಕೊಡು. ಲಕೋಟೆಯಲ್ಲಿ ಒಂದು ಫೋಟೋ ಇದೆ, ಗೋಡೆ ಮುಗಿಯುತ್ತಾ ಬಂತು ಅಂತ ಡ್ರಾಯಿಂಗ್ ಮೇಡಮ್ ತೆಗೆದದ್ದು, ಕೆಳಗೆ ತಾರೀಕು, ಹೊತ್ತು ಎರಡೂ ಅಚ್ಚಾಗಿವೆ. ನನ್ನ ಬೆನ್ನ ಹಿಂದೆ ನೀರಿನ ಟ್ಯಾಂಕ್ ಕಾಣಬೇಕಿತ್ತು, ಪಾತ್ರೆ ತೊಳೆದ ನೀರಿನಂಥ ಆಕಾಶದಲ್ಲಿ ಅದು ಇಲ್ಲವೇ ಇಲ್ಲ. ನೀನು ಮೊದಲು ಎಳೆದ ಗೆರೆಯೇ ಸರಿ. ಒಂದು ಕೈಯಲ್ಲಿ ಬ್ರಷ್ಷು, ಇನ್ನೊಂದರಲ್ಲಿ ಫೋನು ಹಿಡಿದು ನಗುತ್ತಿದ್ದೇನೆ ನೋಡು, ಆಗ ಮಾತಾಡುತ್ತಿದ್ದದ್ದು ನಿನ್ನ ಜೊತೆಗೇ.